ಬಾಗಲೂರಿನ ಕಲ್ಲು ಹೊತ್ತು ವಾರಗಿತ್ತಿಯ ಜೊತೆ ಬರ್ಗನ್ನಿಗೆ

ಬಾಗಲೂರು

ನಾರ್ವೆ ಹೇಗಿತ್ತು ಅಂತ ಊರಲ್ಲಿ ಎಲ್ಲರೂ ಕೇಳಿದರು. ಮಳೆ ಬರುತ್ತಿತ್ತು ಅಂದೆ. ನಿಜ ಹೇಳಬೇಕೆಂದರೆ ಊರು ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ. ಅಲ್ಲಿದ್ದ ಎರಡು ವಾರವೂ ನನ್ನ ಕಣ್ಣೆಲ್ಲ ನನ್ನ ವಾರಗಿತ್ತಿ ಶೈಲಜಳ ಮೇಲೇ ಇತ್ತು. ಬೆಟ್ಟ, ಸಮುದ್ರ, ಬಣ್ಣಬಣ್ಣದ ಮರದ ಮನೆಗಳು ಎಲ್ಲವೂ ಅವಳ ಹಿಂದೆ ಎಲ್ಲೋ ಮಸುಕಾಗಿ ಕಾಣುತ್ತಿದ್ದವು.

ಶೈಲಜ ಹೊಸೂರಿನಾಚೆಯ ತಳಿ ಅನ್ನುವ ಊರಿನ ಕಡೆಯವಳು. ಹೊಸೂರಿನ ಕಾಲೇಜಿನಲ್ಲಿ ನಾನು ಭೂವಿಜ್ಞಾನ ಪಾಠ ಮಾಡುವಾಗ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಒಳ್ಳೆಯ ಹುಡುಗಿ, ಮೈದುನನಿಗೆ ಸರಿಹೋಗುತ್ತಾಳೆ ಅಂತ ಅತ್ತೆಯ ಕಿವಿಗೆ ಹಾಕಿದವಳೂ ನಾನೇ. ಮದುವೆಯಾಗಿ ಮನೆಗೆ ಬಂದಳು, ಓದು ಮುಂದುವರಿಸಿದಳು, ನನ್ನ ವಿಭಾಗದಲ್ಲೇ ಕೆಲಸಕ್ಕೂ ಸೇರಿದಳು. ಮನೆಯಲ್ಲೂ ಅವಳೇ, ಕಾಲೇಜಲ್ಲೂ ಅವಳೇ. ನನ್ನ ಕೈಯಾರೆ ತಂದಿಟ್ಟುಕೊಂಡ ಹೊಟ್ಟೆಯುರಿ ಇದು, ಯಾರನ್ನು ದೂರಲಿ?

ನನ್ನ ಕೆಲಸ ಏನೆಂದರೆ ಕಲ್ಲಿನೊಳಗೆ ನೀರು ಎಷ್ಟು ಹರಿಯುತ್ತದೆ ಅಂತ ಅಳೆಯುವುದು. ನಮ್ಮ ಕಡೆ ಕೆಂಪು ಮಣ್ಣಿನ ಕೆಳಗೆ, ಗಟ್ಟಿ ಬಂಡೆಯ ಮೇಲೆ, ಶಿಥಿಲವಾದ ಒಂದು ಮೆತ್ತನೆಯ ಕಲ್ಲಿನ ಪದರ ಇರುತ್ತದೆ. ಬಾವಿಯ ನೀರೆಲ್ಲ ಅದರ ಸಣ್ಣ ಸಣ್ಣ ತೂತುಗಳಲ್ಲೇ ಕೂತಿರುವುದು. ಆ ಕಲ್ಲನ್ನು ಹೆಬ್ಬೆರಳಿನ ಗಾತ್ರಕ್ಕೆ ಕೊರೆದು, ರಬ್ಬರ್ ಕೊಳವೆಯಲ್ಲಿ ಬಿಗಿಯಾಗಿ ಕೂರಿಸಿ, ಒಂದು ತುದಿಯಿಂದ ನೀರು ನೂಕಿ, ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುವುದನ್ನು ಹಿಡಿದು ಅಳೆಯುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಕೊರೆಯುವುದೂ ಸೇರಿ ಒಂದು ಕಲ್ಲಿಗೆ ಒಂದು ವಾರ ಹಿಡಿಯುತ್ತದೆ, ಸೊಂಟ ಬಿದ್ದುಹೋಗುತ್ತದೆ.

ಶೈಲಜಳದು ಬೇರೆ ದಾರಿ. ಆಸ್ಪತ್ರೆಯಲ್ಲಿ ತಲೆಗೆ ಸ್ಕ್ಯಾನ್ ಮಾಡುತ್ತಾರಲ್ಲ, ಹಾಗೆ ಕಲ್ಲಿಗೆ ಎಕ್ಸ್‌ರೇ ಹಾಯಿಸಿ ಸಾವಿರಾರು ಪದರಗಳ ಚಿತ್ರ ತೆಗೆಯುವುದು. ಅವನ್ನು ಒಂದರ ಮೇಲೊಂದು ಜೋಡಿಸಿದರೆ ತೂತುಗಳ ಸಮೇತ ಕಲ್ಲು ಕಂಪ್ಯೂಟರಿನೊಳಗೆ ಎದ್ದು ನಿಲ್ಲುತ್ತದೆ. ಆಮೇಲೆ ಅಲ್ಲೇ ನೀರು ಹರಿಸುವುದು. ಕೈ ಒದ್ದೆಯಾಗುವುದಿಲ್ಲ, ಸೀರೆಯ ಸೆರಗು ಕೊಳೆಯಾಗುವುದಿಲ್ಲ. ಹುಡುಗರೆಲ್ಲ ಅವಳ ಕೋಣೆಯ ಮುಂದೆ ಸಾಲು ನಿಲ್ಲುತ್ತಾರೆ. ನನ್ನ ಲ್ಯಾಬಿಗೆ ಕೊಡೆ ಇಡಲು ಬರುತ್ತಾರೆ.

ಬರ್ಗನ್ನಿನ ಒಂದು ಪ್ರಯೋಗಾಲಯದಿಂದ ನಮ್ಮಿಬ್ಬರಿಗೂ ಕರೆ ಬಂತು. ಒಂದೇ ಕಲ್ಲು, ಎರಡು ವಿಧಾನ. ಶೈಲಜಳ ಲೆಕ್ಕಕ್ಕೂ ನನ್ನ ಅಳತೆಗೂ ತಾಳೆಯಾಗುತ್ತದೆಯೇ ನೋಡುವುದು, ಇದಕ್ಕೆ ಎರಡು ವಾರ. ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಕೆಲಸ ನೋಡಿ ಇಬ್ಬರಲ್ಲಿ ಒಬ್ಬರನ್ನು ಒಂದು ವರ್ಷಕ್ಕೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ಆ ಸಾಲನ್ನು ನಾನೂ ಓದಿದೆ, ಅವಳೂ ಓದಿದಳು. ನನಗೆ ಐವತ್ತು ಹತ್ತಿರ, ಇನ್ನೊಂದು ಸಲ ಇಂಥ ಸಾಲು ನನ್ನ ಬಾಗಿಲಿಗೆ ಬರುವುದಿಲ್ಲ. ಆ ಒಂದು ವರ್ಷ ನನಗೆ ಬೇಕೇ ಬೇಕಿತ್ತು.

ಕಲ್ಲು ನಮ್ಮ ಹೊಲದ ಬಾವಿಯದೇ. ಅದನ್ನು ಹೊರದೇಶಕ್ಕೆ ಒಯ್ಯಲು ಒಂದು ಪತ್ರ ಬೇಕಿತ್ತು, ಕೃಷ್ಣಗಿರಿಯ ಗಣಿ ಕಚೇರಿಗೆ ಹೋದೆ. ಅಲ್ಲಿದ್ದವರು ಡಬ್ಬಿ ತೆರೆದು ನೋಡಿ ತಮಿಳಿನಲ್ಲಿ "ವೆರುಂ ಕಲ್ಲಾ, ಮೇಡಂ?" ಅಂದರು. ಬರೀ ಕಲ್ಲೇ ಅಂದೆ. ಪಾಪ, ಇನ್ನೇನೋ ಇರಬೇಕು ಅಂತ ಡಬ್ಬಿಯ ಮುಚ್ಚಳವನ್ನೂ ತಿರುಗಿಸಿ ನೋಡಿದರು.

ಹೊರಡುವ ಹಿಂದಿನ ದಿನ ಕಲ್ಲಿನ ಡಬ್ಬಿ, ಪಾಸ್‌ಪೋರ್ಟು ಎಲ್ಲವನ್ನೂ ಅತ್ತೆ ದೇವರ ಮುಂದೆ ಇಡಿಸಿಕೊಂಡರು. ಬೆಳಿಗ್ಗೆ ಕಾರು ಬಂದು ಹಾರನ್ ಹೊಡೆಯುತ್ತಿದ್ದಾಗ ಡಬ್ಬಿ ತೆಗೆದರೆ ಕಲ್ಲಿನ ನೆತ್ತಿಯ ಮೇಲೆ ಕುಂಕುಮ. ಸೆರಗಿನಲ್ಲಿ ಒರೆಸಿ ಹಾಗೇ ಚೀಲಕ್ಕೆ ಹಾಕಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತು, "ಶೈಲು, ಚಳಿಗೆ ಕಿವಿ ಮುಚ್ಕಳಮ್ಮಿ" ಅಂದರು. ನನ್ನ ಕಿವಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣ

ತಪಾಸಣೆಯ ಬೆಲ್ಟಿನ ಮೇಲೆ ನನ್ನ ಚೀಲ ನಿಂತುಬಿಟ್ಟಿತು. ಪರದೆಯ ಮೇಲೆ ಕಪ್ಪಗೆ, ಗುಂಡಗೆ ಏನೋ ಕಾಣಿಸಿತಂತೆ. ನಾನು ಪತ್ರ ಹುಡುಕುತ್ತಾ ಬ್ಯಾಗೆಲ್ಲ ಕೆದರುವಷ್ಟರಲ್ಲಿ ಶೈಲಜ ಆ ಅಧಿಕಾರಿಗೆ ಹಿಂದಿಯಲ್ಲಿ ಕಲ್ಲಿನ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದಳು. ಅವನು ನಗುತ್ತಾ ಅವಳಿಗೆ ಶುಭ ಹಾರೈಸಿದ. ಕಲ್ಲು ನನ್ನ ಕೈಯಲ್ಲಿತ್ತು, ಹಾರೈಕೆ ಅವಳ ಪಾಲಾಯಿತು.

"ನಾನೇ ಹೇಳ್ತಿದ್ನಲ್ಲ, ಅಷ್ಟ್ರೊಳ್ಗೆ ನಿಂಗ್ಯಾಕೆ ಆತುರ?" ಅಂದೆ.

"ಫ್ಲೈಟ್ ಹೋಗ್ಬುಡ್ತದೆ ಅಂತ ಅಂದೆ ಅಕ್ಕ" ಅಂದಳು, ಮೆತ್ತಗೆ. ಅವಳು ಮೆತ್ತಗೆ ಮಾತಾಡಿದರೆ ನನಗೆ ಇನ್ನೂ ಉರಿಯುತ್ತದೆ. ಜಗಳಕ್ಕಾದರೂ ಬರಬಾರದೇ?

ಬರ್ಗನ್, ಮೊದಲ ದಿನಗಳು

ಅಲ್ಲಿನ ಮಳೆಗೆ ನಮ್ಮ ಮಳೆಯ ಹಾಗೆ ಗುಡುಗು, ಸಿಡಿಲು, ಆರ್ಭಟ ಯಾವುದೂ ಇಲ್ಲ. ಸದ್ದಿಲ್ಲದೆ ಶುರುವಾಗಿ ದಿನವಿಡೀ ಸುರಿಯುತ್ತದೆ. ಜನ ಕೊಡೆಯನ್ನೂ ಹಿಡಿಯುವುದಿಲ್ಲ, ಅಂಗಿಯ ಟೋಪಿ ಎಳೆದುಕೊಂಡು ನಡೆಯುತ್ತಾರೆ. ಇಷ್ಟು ಮಳೆ ಬಾಗಲೂರಿನ ಮೇಲೆ ಸುರಿದಿದ್ದರೆ ನಾವು ಮೂರು ಬೆಳೆ ತೆಗೆಯುತ್ತಿದ್ದೆವು ಅಂತ ಬಸ್ಸಿನಲ್ಲಿ ಕೂತು ಹೊಟ್ಟೆ ಉರಿದುಕೊಂಡೆ. ಮನುಷ್ಯರ ಮೇಲೆ ಉರಿದದ್ದು ಸಾಲದು ಅಂತ ಮೋಡಗಳ ಮೇಲೂ ಉರಿಯುವ ಹೆಂಗಸು ನಾನು.

ಬಸ್ಸಿನ ವಿಷಯವನ್ನೂ ಹೇಳಬೇಕು. ಎರಡೆರಡು ಸೀಟಿನ ಸಾಲುಗಳಲ್ಲಿ ಒಬ್ಬೊಬ್ಬರೇ ಕೂತಿರುತ್ತಾರೆ. ಪಕ್ಕದ ಸೀಟು ಖಾಲಿಯಿದ್ದರೂ ಹೊಸಬರು ಹತ್ತಿ ನಿಂತೇ ಬರುತ್ತಾರೆ. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವವರ ನಡುವೆ ಬೆಳೆದವಳು ನಾನು, ಸೀದಾ ಹೋಗಿ ಒಬ್ಬ ಅಜ್ಜನ ಪಕ್ಕ ಕೂತೆ. ಆತ ಗಾಬರಿಯಾಗಿ ಮುಂದಿನ ನಿಲ್ದಾಣದಲ್ಲೇ ಇಳಿದ. ಅದೇ ಅವನ ನಿಲ್ದಾಣ ಇದ್ದಿರಬೇಕು ಅಂತ ಶೈಲಜ ಸಮಾಧಾನ ಹೇಳಿದಳು.

ಪ್ರಯೋಗಾಲಯದ ಮುಖ್ಯಸ್ಥೆ ಇಂಗ್ರಿಡ್. ಅರವತ್ತು ದಾಟಿದ ಎತ್ತರದ ಹೆಂಗಸು, ಬಿಳಿ ಕೂದಲು, ಸೈಕಲ್ಲಿನಲ್ಲಿ ಬರುತ್ತಿದ್ದಳು. ಎಲ್ಲರೂ ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಕಸ ಗುಡಿಸುವವನೂ ಸಹ. ನನ್ನ ನಾಲಿಗೆ ಹೊರಳಲಿಲ್ಲ. ಎರಡು ವಾರವೂ "ಮೇಡಂ" ಅಂದೆ. ಶೈಲಜ ಎರಡನೇ ದಿನವೇ "ಇಂಗ್ರಿಡ್, ಇಂಗ್ರಿಡ್" ಅನ್ನತೊಡಗಿದಳು, ತಳಿಯ ಸಂತೆಯಲ್ಲಿ ಜೊತೆಗೆ ಹೂವು ಕಟ್ಟಿದವರ ಹಾಗೆ.

ಮಧ್ಯಾಹ್ನಕ್ಕೆ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಒಂದು ಚೀಸು. ಬಾಯಿಗಿಟ್ಟರೆ, ನಮ್ಮಲ್ಲಿ ಹಸು ಕರು ಹಾಕಿದಾಗ ಮಾಡುವ ಬೆಲ್ಲದ ಗಿಣ್ಣು ತಳ ಹಿಡಿದಂಥ ರುಚಿ. ನನಗೆ ಹಿಡಿಸಿತು. ಶೈಲಜಳಿಗೆ ಹಿಡಿಸಲಿಲ್ಲ ಅಂತ ಇನ್ನಷ್ಟು ಹಿಡಿಸಿತು.

ಮೊದಲ ದಿನವೇ ಒಂದು ಮಾತು ನಡೆಯಿತು. ನಾರ್ವೆ ಸಮುದ್ರದಡಿಯ ಕಲ್ಲಿನಿಂದ ಎಣ್ಣೆ ತೆಗೆಯುವ ದೇಶ. ಅಲ್ಲಿನ ಕಲ್ಲುಗಳಿಗೆಲ್ಲ ಎಣ್ಣೆ ಮೆತ್ತಿರುತ್ತದೆ, ಅಳೆಯುವ ಮೊದಲು ಅದನ್ನು ಎಣ್ಣೆ ಕರಗಿಸುವ ದ್ರಾವಕದಲ್ಲಿ ತೊಳೆಯುತ್ತಾರೆ. ನಿಮ್ಮ ಕಲ್ಲನ್ನೂ ತೊಳೆಯೋಣವೇ ಅಂತ ಇಂಗ್ರಿಡ್ ಕೇಳಿದಳು. ನಾನು ಎದೆಯುಬ್ಬಿಸಿ ಹೇಳಿದೆ: ಬೇಡ ಮೇಡಂ, ನಮ್ಮದು ಬಾವಿಯ ಕಲ್ಲು, ಹುಟ್ಟಿದಾಗಿನಿಂದ ನೀರು ಬಿಟ್ಟರೆ ಬೇರೇನನ್ನೂ ಮುಟ್ಟಿಲ್ಲ, ನಿಮ್ಮ ಕಲ್ಲುಗಳ ಹಾಗಲ್ಲ, ಮಡಿ. ಮಡಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಮಾತು ಸಿಗದೆ "ವೆರಿ ವೆರಿ ಕ್ಲೀನ್" ಅಂದೆ. ಶೈಲಜ ಪಕ್ಕದಲ್ಲೇ ಇದ್ದಳು. ನೆಲ ನೋಡುತ್ತಿದ್ದಳು.

ನಾಲ್ಕನೇ ದಿನ

ಸ್ಕ್ಯಾನ್ ಮುಗಿದು ಕಲ್ಲು ಪರದೆಯ ಮೇಲೆ ಬಂತು. ಲ್ಯಾಬಿನವರೆಲ್ಲ ಕಾಫಿ ಲೋಟ ಹಿಡಿದು ಶೈಲಜಳ ಕುರ್ಚಿಯ ಹಿಂದೆ ನಿಂತರು. ನಾನು ಎಲ್ಲರಿಗಿಂತ ಹಿಂದೆ.

ಅವಳು ಕಲ್ಲನ್ನು ಹಾಗೆ ಹೀಗೆ ತಿರುಗಿಸಿದಳು, ಅಡ್ಡಲಾಗಿ ಸೀಳಿದಳು, ಒಳಗೆ ನುಗ್ಗಿದಳು. ಹರಳುಗಳ ನಡುವೆ ಓಣಿಗಳು, ಓಣಿಗಳ ಕೊನೆಯಲ್ಲಿ ಕೋಣೆಗಳು, ಕೋಣೆಗಳ ನಡುವೆ ಸೂಜಿ ತೂರಿಸುವಷ್ಟು ಇಕ್ಕಟ್ಟಾದ ಸಂದುಗಳು. ಆಮೇಲೆ ನೀರು ಬಿಟ್ಟಳು. ಅಗಲದಲ್ಲಿ ನಿಧಾನ, ಸಂದಿನಲ್ಲಿ ಜೋರು, ಎಲ್ಲೋ ಒಂದು ಮೂಲೆಯಲ್ಲಿ ಸುಮ್ಮನೆ ಸುತ್ತುತ್ತಾ ನಿಂತ ನೀರು. ಇಪ್ಪತ್ತು ವರ್ಷ ಕಲ್ಲಿನ ಎರಡು ತುದಿಗಳಲ್ಲಿ ಕಾವಲು ಕೂತವಳು ನಾನು. ನಡುವೆ ಏನು ನಡೆಯುತ್ತದೆ ಅಂತ ಒಂದು ದಿನವೂ ಕಂಡವಳಲ್ಲ. ಕಣ್ಣು ತುಂಬಿ ಬಂತು. ಇಷ್ಟು ಚೆಂದದ್ದನ್ನು ಅವಳು ತೋರಿಸಬೇಕಾಯಿತಲ್ಲ ಅಂತ ಮರುಗಳಿಗೆಯೇ ಮೈಯೆಲ್ಲ ಉರಿಯಿತು.

ಆ ಚಿತ್ರದಲ್ಲಿ ಕಲ್ಲು ಬೆಳ್ಳಗೆ, ತೂತು ಕಪ್ಪಗೆ. ಆದರೆ ಸಂದುಗಳಲ್ಲಿ ಅಲ್ಲಲ್ಲಿ ಬೂದು ಬಣ್ಣದ ಏನೋ ಮೆತ್ತಿಕೊಂಡಿತ್ತು. ಕಲ್ಲೂ ಅಲ್ಲದ, ಖಾಲಿಯೂ ಅಲ್ಲದ ಬೂದು. ಅದನ್ನು ಯಾವ ಕಡೆಗೆ ಸೇರಿಸಬೇಕು ಅಂತ ಚಿತ್ರ ನೋಡುವವರೇ ತೀರ್ಮಾನಿಸಬೇಕು. ಜೇಡಿಮಣ್ಣು ಅಂದರೆ ದಾರಿ ಮುಚ್ಚಿದೆ ಅಂತ, ನೀರು ಕಡಿಮೆ. ತೂತು ಅಂದರೆ ದಾರಿ ತೆರೆದಿದೆ ಅಂತ, ನೀರು ಜಾಸ್ತಿ. ಈ ಇಡೀ ವಿದ್ಯೆಯ ಜುಟ್ಟು ಇರುವುದು ಇಲ್ಲೇ.

ಶೈಲಜ ಅದನ್ನು ತೂತು ಅಂತ ಲೆಕ್ಕ ಹಾಕಿದ್ದಳು.

"ಹೇಗೆ ಹೇಳುತ್ತೀಯ?" ಅಂತ ಇಂಗ್ರಿಡ್ ಕೇಳಿದಳು. ಗದರಿಸಲಿಲ್ಲ, ಕುತೂಹಲಕ್ಕೆ ಕೇಳಿದ್ದು.

ಎಲ್ಲದಕ್ಕೂ ಪಟಪಟ ಉತ್ತರ ಕೊಡುವ ಹುಡುಗಿ ತಡವರಿಸಿದಳು. "ಹಾಗನಿಸಿತು" ಅಂದಳು. ಅಷ್ಟೇ. ಲ್ಯಾಬಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನನ್ನ ಕಾಫಿಯನ್ನು ಬಹಳ ಹೊತ್ತು ಊದಿ ಊದಿ ಕುಡಿದೆ.

ಏಳನೇ ದಿನ

ಸ್ಕ್ಯಾನ್ ಆದ ಕಲ್ಲು ನಾಲ್ಕನೇ ದಿನವೇ ನನ್ನ ಕೈಗೆ ಬಂದಿತ್ತು. ರಬ್ಬರ್ ಕೊಳವೆಯಲ್ಲಿ ಕೂರಿಸಿ, ನೀರು ನೂಕಿ, ಮೂರು ದಿನ ಅಳೆದೆ. ಶೈಲಜಳ ಲೆಕ್ಕ ಹೇಳಿದ ಐದು ಪಾಲಿನಲ್ಲಿ ನನ್ನ ಕಲ್ಲು ಬಿಟ್ಟ ನೀರು ಒಂದೇ ಪಾಲು.

ಇಂಗ್ರಿಡ್ ಎರಡು ಸಂಖ್ಯೆಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಳು. ಬೂದು ಬಣ್ಣ ಜೇಡಿಮಣ್ಣೇ ಇರಬೇಕು, ಲೆಕ್ಕ ಅಲ್ಲೇ ತಪ್ಪಿದೆ ಅಂದಳು. ಅಳತೆ ಬಹಳ ಅಚ್ಚುಕಟ್ಟಾಗಿದೆ ಅಂತ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಇಲ್ಲಿ ಚಳಿಗಾಲ ಬಹಳ ಕತ್ತಲೆ, ಮುಂದಿನ ವರ್ಷ ನಿನಗೆ ಅಭ್ಯಾಸವಾದೀತೇ ಅಂತಲೂ ಕೇಳಿದಳು, ಸುಮ್ಮನೆ ಮಾತಿಗೆ ಕೇಳಿದ ಹಾಗೆ.

ಹಾಲು ಕುಡಿದಷ್ಟು ಸಂತೋಷವಾಯಿತು. ಅವತ್ತು ನಮ್ಮ ಬಾಡಿಗೆ ಕೋಣೆಯಲ್ಲಿ ಅನ್ನ, ಹುಣಸೆ ಗೊಜ್ಜು ಮಾಡಿ ಎರಡು ಸಲ ಬಡಿಸಿಕೊಂಡು ಉಂಡೆ. ಶೈಲಜ ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂತಿದ್ದಳು.

"ಉಣ್ಣೇ" ಅಂದೆ.

"ಹಸಿವಿಲ್ಲ ಅಕ್ಕ."

"ಒಂದ್ಸಲ ತಪ್ಪಾಗ್ತದೆ. ಕಂಪ್ಯೂಟ್ರು ಏನ್ ದೇವ್ರಾ?" ಇದನ್ನು ಸಮಾಧಾನದ ದನಿಯಲ್ಲೇ ಹೇಳಿದೆ. ಆ ದನಿ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಎಂಟನೇ ದಿನ

ಅಳೆದ ಕಲ್ಲನ್ನು ಒಣಗಿಸಿ ಎತ್ತಿಡುವುದು ನನ್ನ ಪದ್ಧತಿ. ಬಿಸಿ ಪೆಟ್ಟಿಗೆಯಲ್ಲಿಟ್ಟು ಒಂದೆರಡು ಗಂಟೆ ಬಿಟ್ಟು ಬಾಗಿಲು ತೆಗೆದೆ. ನಾರ್ವೆಯ ಆ ಬೆಳ್ಳನೆಯ ಲ್ಯಾಬಿನಲ್ಲಿ ಘಮ್ಮೆಂದು ಹರಳೆಣ್ಣೆಯ ವಾಸನೆ.

ಅಂಗಡಿಯ ಹರಳೆಣ್ಣೆಯಲ್ಲ. ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಅತ್ತೆ ಮನೆಯಲ್ಲೇ ತೆಗೆಯುವ ಎಣ್ಣೆ. ಹುರಿದ ಹೊಗೆಯ ವಾಸನೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಒರಳಿಗೆ, ಹೊಲದ ಮುನೇಶ್ವರನ ಕಲ್ಲಿಗೆ, ನಮ್ಮ ನೆತ್ತಿಗೆ, ಎಲ್ಲಕ್ಕೂ ಅದೇ. ಬಾಗಲೂರಿನಲ್ಲಿ ಆಗ ಸಂಜೆ. ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತೆಗೆ ಫೋನ್ ಮಾಡಿದೆ.

"ಶೈಲು ಉಂಡ್ಳಾ? ಫೋಟೋದಾಗೆ ಸಣ್ಗಾದಂಗೆ ಕಾಣ್ತಾಳೆ" ಅಂದರು, ನಾನು ಬಾಯಿ ತೆರೆಯುವ ಮೊದಲೇ.

"ಉಂಡ್ಳು. ಅತ್ತೆ, ಆ ಕಲ್ಲಿಗೆ ಎಣ್ಣೆ ಏನಾರ ಹಚ್ಚಿದ್ರಾ?"

"ಹೂಂ, ಹಚ್ದೆ. ದೇವ್ರ ಮುಂದೆ ಗುಂಡ್ಗೆ ಕೂತಿತ್ತು. ಒಣ್ಕಲ್ಲಿಗೆ ಬರೀ ಕುಂಕುಮ ಇಟ್ರೆ ನಿಲ್ತದಾ? ಹಚ್ತಾ ಹಚ್ತಾ ಕುಡ್ಕಂಬುಡ್ತು ಕಣಮ್ಮಿ, ಬಲೇ ಬಾಯಾರಿದ್ ಕಲ್ಲು. ಮೂರ್ ಸಲ ಹಚ್ದೆ. ಯಾಕೆ, ಏನಾಯ್ತು?"

"ಏನಿಲ್ಲ. ಯಾಕ್ ಹಚ್ಚಿದ್ರಿ ಅಂತ."

"ಕೆಲ್ಸ ಸುಸೂತ್ರ ಆಗ್ಲಿ ಅಂತ. ಶೈಲೂಗೆ ಬಿಸ್ನೀರು ಕುಡ್ಯಕ್ಕೇಳು" ಅಂದು ಫೋನ್ ಇಟ್ಟರು.

ಯಾರ ಕೆಲಸ ಅಂತ ಬಿಡಿಸಿ ಹೇಳಲಿಲ್ಲ. ಹೇಳುವುದೇನಿದೆ, ಅವರ ಶೈಲುವಿನ ಕೆಲಸವೇ. ನನಗೆ ಎಲ್ಲ ಅರ್ಥವಾಯಿತು. ಬೂದು ಬಣ್ಣ ಜೇಡಿಮಣ್ಣಲ್ಲ, ಅತ್ತೆಯ ಎಣ್ಣೆ. ತೂತುಗಳು ತೆರೆದೇ ಇವೆ, ಎಣ್ಣೆ ಕೂತು ನೀರನ್ನು ತಡೆದಿದೆ. ಶೈಲಜಳ ಲೆಕ್ಕ ಸರಿ, ನನ್ನ ಅಳತೆ ತಪ್ಪು. ತೊಳೆಯೋಣವೇ ಅಂತ ಕೇಳಿದವಳಿಗೆ ಮಡಿ ಅಂದವಳೂ ನಾನೇ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲ್ಯಾಬಿನವರಿಗೆ ಆ ವಾಸನೆ ಭಾರತದ ವಾಸನೆ, ಅಷ್ಟೇ. ವರ್ಷ ನನ್ನದಾಗುತ್ತಿತ್ತು. ಮೆಟ್ಟಿಲ ಮೇಲೆ ಮಳೆ ನಿಂತು, ಮತ್ತೆ ಬಂದು, ಮತ್ತೆ ನಿಲ್ಲುವವರೆಗೂ ಕೂತಿದ್ದೆ. ಆದರೆ ಇಪ್ಪತ್ತು ವರ್ಷದಲ್ಲಿ ನಾನು ಅಳೆದ ಒಂದೇ ಒಂದು ಕಲ್ಲನ್ನೂ ಯಾರೂ ತಪ್ಪು ಅಂದಿಲ್ಲ. ಈಗ ನನ್ನ ಹೆಸರಿನ ಪಕ್ಕ ಸುಳ್ಳು ಸಂಖ್ಯೆಯೊಂದು ಕೂತು, ಅದನ್ನು ನಾನು ಮಾತ್ರ ಬಲ್ಲೆ ಅನ್ನುವುದನ್ನು ಜೀರ್ಣಿಸಿಕೊಳ್ಳಲಾಗಲಿಲ್ಲ. ಇದನ್ನು ಒಳ್ಳೆಯತನ ಅಂತ ಯಾರೂ ತಿಳಿಯಬೇಡಿ. ಶೈಲಜಳ ಮುಖ ನೆನೆದು ಕರಗಿದ್ದಲ್ಲ. ಬರೀ ಜಂಬ.

ಎದ್ದು ಹೋಗಿ ಇಂಗ್ರಿಡ್‌ಗೆ ಹೇಳಿದೆ. ದೇವರು, ಅತ್ತೆ, ಹರಳೆಣ್ಣೆ, ಕುಂಕುಮ, ಎಲ್ಲವನ್ನೂ ನನ್ನ ಹರುಕು ಇಂಗ್ಲಿಷಿನಲ್ಲಿ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಪುಸ್ತಕ ತೆಗೆದು ಎಷ್ಟು ಸಲ ಹಚ್ಚಿದರು ಅಂತ ಕೇಳಿ ಬರೆದುಕೊಂಡಳು.

ಹನ್ನೆರಡನೇ ದಿನ

ಕಲ್ಲನ್ನು ದ್ರಾವಕದಲ್ಲಿ ತೊಳೆದು, ಒಣಗಿಸಿ, ಮತ್ತೆ ಅಳೆದೆ. ಶೈಲಜ ಹಿಂದೆ ನಿಂತಿದ್ದಳು. ನೀರು ಈಗ ತೊಟ್ಟಿಕ್ಕಲಿಲ್ಲ, ಎಳೆಯಾಗಿ ಇಳಿಯಿತು. ಗಾಜಿನ ಕೊಳವೆಯಲ್ಲಿ ನೀರು ಏರಿ ಅವಳ ಲೆಕ್ಕದ ಗೆರೆಯ ಹತ್ತಿರ ಬಂದು ನಿಂತಾಗ ಲ್ಯಾಬಿನವರು ಚಪ್ಪಾಳೆ ತಟ್ಟಿದರು. ಅವಳಿಗೆ ತಟ್ಟಿದ್ದು.

ಇಂಗ್ರಿಡ್ ನನ್ನ ಕೈ ಕುಲುಕಿ ಬಹಳ ಹೊತ್ತು ಬಿಡಲಿಲ್ಲ. ನಿನ್ನಂಥವರ ಅಳತೆಯಿದ್ದರೆ ಮಾತ್ರ ನಮ್ಮ ಲೆಕ್ಕಗಳಿಗೆ ಬೆಲೆ ಅಂದಳು. ವರ್ಷವನ್ನು ಮಾತ್ರ ಶೈಲಜಳಿಗೆ ಕೊಟ್ಟಳು. ನನಗೆ ಬೇಕಿದ್ದದ್ದು ವರ್ಷ, ಸಿಕ್ಕಿದ್ದು ಹೊಗಳಿಕೆ. ಕಕ್ಕಸಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ.

ಹೊರಡುವ ದಿನ

ಶೈಲಜ ವಿಮಾನ ನಿಲ್ದಾಣದವರೆಗೂ ಬಂದಳು. ಅವಳಿಗೆ ಇನ್ನೊಂದು ವಾರ ಅಲ್ಲೇ ಇದ್ದು ಕಾಗದಪತ್ರ ಮಾಡಿಕೊಳ್ಳುವ ಕೆಲಸವಿತ್ತು. ನನ್ನ ಪೆಟ್ಟಿಗೆ ಅವಳೇ ಎಳೆದಳು. ಸಾಲಿನಲ್ಲಿ ನಿಂತಾಗ, ನನ್ನ ಕಡೆ ನೋಡದೆ, ಶುರು ಮಾಡಿದಳು.

"ಅಕ್ಕ, ಆ ಬೂದು ಬಣ್ಣ ಎಣ್ಣೆ ಅಂತ ನಂಗೆ ಮೊದ್ಲೇ ಗೊತ್ತಿತ್ತು."

ನಾನು ತಿರುಗಿ ನೋಡಿದೆ. ಕಣ್ಣೆಲ್ಲ ಕೆಂಪಗಾಗಿತ್ತು, ಹನಿ ಮಾತ್ರ ಇಲ್ಲ.

"ಹೊರ್ಡೋ ದಿನ ಬೆಳಿಗ್ಗೆ ಅತ್ತೆ ಹಚ್ತಿದ್ದಿದ್ದು ನೋಡ್ದೆ. ಏನೋ ಹೇಳ್ಕಂಡು ಹೇಳ್ಕಂಡು ಹಚ್ತಿದ್ರು. 'ನಮ್ ಸರೋಜ ಬೆನ್ ಮುರ್ಕೊಂಡ್ ದುಡೀತಾಳೆ, ಅವ್ಳ ಕೈಗೆ ಯಶಸ್ಸು ಕೊಡಪ್ಪ' ಅಂತ. ಮೂರ್ ಸಲ ಹಚ್ಚಿದ್ರು, ಮೂರ್ ಸಲಾನೂ ನಿಮ್ದೇ ಹೆಸ್ರು. ನಂದೂ ಬತ್ತದೇನೋ ಅಂತ ಬಾಗ್ಲತ್ರ ನಿಂತೇ ಇದ್ದೆ. ಬರ್ಲಿಲ್ಲ."

"ನಿನ್ಗೆ ಬಿಸ್ನೀರು, ನಿನ್ಗೆ ಕಿವಿ ಮುಚ್ಕೊ ಅಂತಾರಲ್ಲೇ ಯಾವಾಗ್ಲೂ" ಅಂದೆ.

"ಅದು ಮಗೀಗ್ ಹೇಳ್ದಂಗೆ ಅಕ್ಕ. ನನ್ ಕೆಲ್ಸಾನ ಅವ್ರು ಕೆಲ್ಸ ಅಂತಾನೇ ಅನ್ಕಂಡಿಲ್ಲ. ಕುಂತ್ಕಂಡ್ ಟೀವಿ ನೋಡ್ತಾಳೆ ಅಂತಾರೆ."

"ಮತ್ತೆ ಇಂಗ್ರಿಡ್ ಕೇಳ್ದಾಗ ಬಾಯಿ ಬಿಡ್ಬಾರ್ದಾಗಿತ್ತಾ? ವರ್ಷಾನೇ ಹೋಗ್ತಿತ್ತಲ್ಲೇ!"

"ಹೇಳಿದ್ರೆ ಯಾರಿಗೋಸ್ಕರ ಹಚ್ಚಿದ್ರು ಅಂತಾನೂ ನಿಮ್ಗೆ ಹೇಳ್ಬೇಕಾಗ್ತಿತ್ತು. ಅದು ನನ್ ಬಾಯಾಗೆ ಬರ್ಲಿಲ್ಲ. ಹೋದ್ರೆ ಹೋಗ್ಲಿ ವರ್ಷ ಅಂದ್ಕಂಡೆ." ಈಗ ಕಣ್ಣೀರು ಇಳಿಯಿತು. ಹಿಂದೆ ನಿಂತಿದ್ದ ನಾರ್ವೆಯವರು ಮರ್ಯಾದೆಗೆ ಬೇರೆ ಕಡೆ ಮುಖ ತಿರುಗಿಸಿಕೊಂಡರು.

ಸಾಲು ಮುಂದೆ ಸರಿಯಿತು, ನಾನು ಸರಿಯಲಿಲ್ಲ. ಆ ಹುಡುಗಿಯನ್ನು ತಬ್ಬಿಕೊಳ್ಳಬೇಕಿತ್ತು. ಒಂದು ವರ್ಷ ಒಬ್ಬಳೇ ಇರಬೇಕಾದವಳು, ಎರಡು ಧೈರ್ಯದ ಮಾತು ಹೇಳಬೇಕಿತ್ತು. ಅವೆಲ್ಲ ಗೊತ್ತಿದ್ದೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಇನ್ನೊಂದ್ಸಲ ಹೇಳೇ. ಅತ್ತೆ ಏನಂದ್ರು?"